‘ಗಾಡಿ ನೀರು ಕುಡಿಯುತ್ತೆ’ ಎಂದರೆ ಏನರ್ಥ?

ಗೆಳೆಯರೇ,

ಸಿಂಧನೂರು ಕಡೆಯ ಗ್ಯಾರೇಜುಗಳಲ್ಲಿ ಕೇಳಿಬರುವ ಕೆಲವು ಕ್ರಿಯಾಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಎಲ್ಲವೂ ನಿಘಂಟಿನಲ್ಲಿ ಇರುವ ಪದಗಳೇ. ಆದರೆ ಮೆಕ್ಯಾನಿಕ್ ಬಾಯಲ್ಲಿ ಅವಕ್ಕೆ ಬೇರೆಯೇ ಕೆಲಸ ಇದೆ.

ನಮ್ಮ ಮನೆಯಲ್ಲಿ ಒಂದು ಹಳೇ ಡೀಸೆಲ್ ಗಾಡಿ ಇದೆ. ಮದುವೆ, ಜಾತ್ರೆ, ಆಸ್ಪತ್ರೆ ಎಲ್ಲಕ್ಕೂ ಅದೇ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ ಡ್ಯಾಶ್‌ಬೋರ್ಡಿನ ಹೀಟ್ ಮುಳ್ಳೂ ಮೇಲೇರುತ್ತದೆ. ರೇಡಿಯೇಟರ್‌ಗೆ ಆಗಾಗ ನೀರು ಬೇಕು. ಇದನ್ನು ಹೇಳಿದ ಕೂಡಲೇ ಮೆಕ್ಯಾನಿಕ್ ಕೇಳಿದ್ದು, “ಸೋರತೈತ್ರೀ, ಉಗುಳತೈತ್ರೀ, ಇಲ್ಲಾ ಕುಡೀತೈತ್ರೀ?” ಹೇಗಾದರೂ ನೀರು ಕಮ್ಮಿಯಾಗುತ್ತೆ, ಅಷ್ಟೇ ಅಲ್ವಾ ಅನ್ನಿಸಬಹುದು. ಅವರಿಗೆ ಇವು ಮೂರೂ ಬೇರೆ ಬೇರೆ ರೋಗ.

ಸೋರುವುದು ಸುಲಭದ್ದು. ಗಾಡಿ ನಿಂತ ಜಾಗದಲ್ಲಿ ಹನಿ ಕಾಣುತ್ತೆ. ಪೈಪಿನ ಕ್ಲಿಪ್ಪು ಸಡಿಲವಾಗಿರುತ್ತೆ, ಇಲ್ಲವೇ ರೇಡಿಯೇಟರ್ ತೂತಾಗಿರುತ್ತೆ. ವಾಟರ್ ಪಂಪಿನದಾದರೆ ಮಾತ್ರ ಅವರು ‘ಸೋರುತ್ತೆ’ ಅನ್ನುವುದಿಲ್ಲ, ‘ಒಸರುತ್ತೆ’ ಅನ್ನುತ್ತಾರೆ. ಪಂಪಿನ ಕೆಳಗೆ ಬೇಕೆಂದೇ ಬಿಟ್ಟ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸವೆದಾಗ ನೀರು ಅಲ್ಲಿಂದ ಒಸರಿ ಹೊರಗೆ ಬರಲಿ, ಬೇರಿಂಗಿಗೆ ಹೋಗದಿರಲಿ ಅಂತ. ಆ ತೂತಿಗೆ ಗಮ್ಮು ಮೆತ್ತುವವರೂ ಇದ್ದಾರೆ. ಹಾಗೆ ಮಾಡಿದರೆ ಬೇರಿಂಗ್ ಕೂಡ ಹಾಳಾಗುತ್ತೆ.

ಉಗುಳುವುದು ಎಂದರೆ ಮುಚ್ಚಳದಿಂದಲೋ, ಪಕ್ಕದ ಬಾಟಲಿಯಿಂದಲೋ ನೀರು ರಭಸವಾಗಿ ಹೊರಬರುವುದು. ಕೆಲವರು ‘ಕಾರುತ್ತೆ’ ಅಂತಲೂ ಹೇಳುತ್ತಾರೆ. ಕಾರು ನೀರು ಕಾರುತ್ತೆ ಅಂದರೆ ನಗು ಬರುತ್ತೆ, ಆದರೆ ಪದ ಸರಿಯಾಗಿಯೇ ಇದೆ. ಇಲ್ಲಿ ಮೊದಲ ಅನುಮಾನ ಮುಚ್ಚಳದ ಮೇಲೆ. ಹಲವು ಮುಚ್ಚಳಗಳ ಮೇಲೆ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ. ಅದು ಒಳಗಿನ ಸ್ಪ್ರಿಂಗ್ ತಡೆದು ನಿಲ್ಲಿಸುವ ಒತ್ತಡ, ಬಾರ್ ಎಂಬ ಅಳತೆಯಲ್ಲಿ. 0.9ರ ಮುಚ್ಚಳ ಗಟ್ಟಿ ಇದ್ದರೆ ಬರೀ ನೀರು ಕೂಡ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತರೆ 100ರ ಆಸುಪಾಸಿನಲ್ಲೇ ಕುದಿದು ಹೊರಗೆ ಬರುತ್ತೆ. (ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಮುಖ ಸುಡುವುದೂ ಇದಕ್ಕೇ. ಗಾಡಿ ತಣ್ಣಗಾಗುವ ತನಕ ಸುಮ್ನೆ ಕಾಯಬೇಕು.)

ನನ್ನ ಮುಖ್ಯ ಪ್ರಶ್ನೆ ಇರುವುದು ‘ಕುಡಿ’ ಮೇಲೆ.

ನೆಲದ ಮೇಲೆ ಹನಿ ಇಲ್ಲ, ಬಾಟಲಿ ತುಂಬಿ ಹರಿದಿಲ್ಲ, ಆದರೂ ನೀರು ಕಮ್ಮಿ. ಆಗ ‘ಕುಡಿಯುತ್ತೆ’ ಅನ್ನುತ್ತಾರೆ. ನೀರು ಇಂಜಿನ್ನಿನ ಒಳಗೇ ಹೋಗುತ್ತಿದೆ ಎಂದರ್ಥ. ಸಾಮಾನ್ಯವಾಗಿ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ‘ಹೆಡ್’ಗೂ ಕೆಳಗಿನ ಭಾಗಕ್ಕೂ ನಡುವೆ ಕೂರಿಸುವ ತೆಳು ಹಾಳೆ) ಹೋಗಿರುತ್ತದೆ. ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬರುತ್ತೆ, ನೀರಿಗೆ ಕೂಲಂಟ್ (ಇಂಜಿನ್ ತಂಪಾಗಿಡಲು ಬೆರೆಸುವ ಬಣ್ಣದ ದ್ರವ) ಹಾಕಿದ್ದರೆ ಆ ಹೊಗೆಗೆ ಸಿಹಿ ವಾಸನೆ ಇರುತ್ತೆ. ನೀರು ಆಯಿಲ್ ಜೊತೆ ಕೂಡಿದರೆ ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗುತ್ತೆ. ಸಿಲಿಂಡರಿನ ಗ್ಯಾಸು ನೀರಿನೊಳಕ್ಕೆ ನುಗ್ಗಿದರೆ ಕುಡಿಯುವ ಗಾಡಿಯೇ ಉಗುಳುವುದೂ ಉಂಟು. ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ಗಾಡಿ ಚಾಲೂ ಮಾಡಿದರೆ ಗುಳ್ಳೆ ಏಳುತ್ತಲೇ ಇರುತ್ತವೆ. ಅಲ್ಲಿಗೆ ಹೆಡ್ ಬಿಚ್ಚುವ ಖರ್ಚು ಬಂತು.

ಆದರೆ ಇದೇ ಪದಕ್ಕೆ ಅಲ್ಲೇ ಇನ್ನೊಂದು ಅರ್ಥವೂ ಇದೆ. ರೇಡಿಯೇಟರ್ ಖಾಲಿ ಮಾಡಿ ಹೊಸದಾಗಿ ತುಂಬಿದಾಗ ಒಳಗೆ ಗಾಳಿ ಉಳಿದಿರುತ್ತೆ. ಇಂಜಿನ್ ಕಾದು, ಥರ್ಮೋಸ್ಟಾಟ್ (ಬಿಸಿಯಾದಾಗ ನೀರಿಗೆ ದಾರಿ ಬಿಡುವ ಕವಾಟ) ತೆರೆದು, ಆ ಗಾಳಿ ಹೊರಗೆ ಹೋದಾಗ ನೀರಿನ ಮಟ್ಟ ಇಳಿಯುತ್ತೆ. ಅದಕ್ಕೂ ‘ನೀರು ಕುಡೀತು’ ಅಂತಾರೆ. ಅದರಲ್ಲಿ ರೋಗವೇನೂ ಇಲ್ಲ, ಇನ್ನಷ್ಟು ಸುರಿದರೆ ಮುಗೀತು. ನಾನು ಗಮನಿಸಿದಂತೆ ವ್ಯತ್ಯಾಸವೆಲ್ಲ ಕ್ರಿಯಾಪದದ ರೂಪದಲ್ಲಿದೆ. ‘ಕುಡೀತು’ ಅಂದರೆ ನಿಶ್ಚಿಂತೆ. ‘ಕುಡಿಯಾಕತ್ತೈತಿ’ (ಕುಡಿಯುತ್ತಲೇ ಇದೆ) ಅಂದರೆ ದುಡ್ಡು ಹೊಂದಿಸಿಕೊಳ್ಳಬೇಕು. ‘ಡೀಸೆಲ್ ಕುಡಿಯುತ್ತೆ’ ಎನ್ನುವಾಗ ಬರೀ ಜಾಸ್ತಿ ಖರ್ಚಾಗುತ್ತೆ ಎಂಬ ಅರ್ಥ ಇರುತ್ತಲ್ಲ, ಇದು ಅದೂ ಅಲ್ಲ.

ಇನ್ನು ಕೂಲಂಟ್. ಪಠ್ಯಪುಸ್ತಕದಲ್ಲಿ ‘ಶೀತಕ’ ಅಂತಿದೆ. ಅಂಗಡಿಯಲ್ಲಿ ಕೇಳಿದರೆ ಗಾಡಿಗೆ ನೆಗಡಿಯಾ ಅಂತ ಕೇಳ್ಯಾರು. ನನ್ನ ತಕರಾರು ಬೇರೆ. ಶಾಖ ಹೊತ್ತೊಯ್ಯುವುದರಲ್ಲಿ ಬರೀ ನೀರೇ ಮುಂದು. ಎಥಿಲೀನ್ ಗ್ಲೈಕಾಲ್ ಬೆರೆಸಿದರೆ ಆ ಶಕ್ತಿ ಕೊಂಚ ಕಮ್ಮಿಯೇ ಆಗುತ್ತೆ. ಅದನ್ನು ಹಾಕುವುದು ಕುದಿಯುವ ಮಟ್ಟ ಏರಲಿ, ಚಳಿಯ ದೇಶದಲ್ಲಿ ನೀರು ಹೆಪ್ಪುಗಟ್ಟದಿರಲಿ ಎಂದು. ಜೊತೆಗೆ ಅದರಲ್ಲಿ ಬೆರೆಸಿರುವ ರಾಸಾಯನಿಕಗಳು ಒಳಗೆ ಜಂಗು ಹಿಡಿಯದಂತೆ ತಡೆಯುತ್ತವೆ. ನಮ್ಮ ಕಡೆ ಹೆಪ್ಪುಗಟ್ಟುವ ಮಾತೇ ಇಲ್ಲ. ಜಂಗಿನದೇ ಚಿಂತೆ. ಜನ ‘ಹಸಿರು ನೀರು’ ಅನ್ನುತ್ತಾರೆ, ಕೆಂಪು ಬಣ್ಣದ್ದನ್ನೂ ಹಾಗೇ ಕರೆಯುತ್ತಾರೆ. ‘ಕೂಲಂಟ್ ಆಯಿಲ್’ ಎನ್ನುವವರೂ ಇದ್ದಾರೆ, ಅದರಲ್ಲಿ ಎಣ್ಣೆಯ ಹನಿಯೂ ಇಲ್ಲದಿದ್ದರೂ. ಆದರೆ ಹೆಚ್ಚಿನವರ ಬಾಯಲ್ಲಿ ಅದು ಬರೀ ‘ನೀರು’. ಹಾಗಾಗಿ ನೀರು ಹಾಕು ಅಂದರೆ ಹುಡುಗ ಬೋರಿನ ಸವುಳು ನೀರನ್ನೇ ಸುರಿಯುತ್ತಾನೆ. ಒಳಗಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತೆ. ಡಿಸ್ಟಿಲ್ಡ್ ವಾಟರಿಗೆ ಇಲ್ಲಿ ‘ಬ್ಯಾಟರಿ ನೀರು’ ಅಂತ ಚೆನ್ನಾದ ಹೆಸರಿದೆ. ಅದನ್ನೇ ಹೇಳಿ ಹಾಕಿಸುವುದು ಕ್ಷೇಮ.

ಹೊರಗಿನಿಂದ ಕಟ್ಟಿಕೊಳ್ಳುವುದಕ್ಕೆ ಮಾತ್ರ ನಮ್ಮಲ್ಲಿ ಬೇರೆ ಪದ ಕೇಳಿಲ್ಲ. ಭತ್ತದ ಸುಗ್ಗಿಯಲ್ಲಿ ಗಂಗಾವತಿ ದಾರಿಯಲ್ಲಿ ಓಡಾಡಿದರೆ ರೇಡಿಯೇಟರಿನ ಸಂದುಗಳಲ್ಲಿ ಹೊಟ್ಟು, ಧೂಳು ತುಂಬುತ್ತವೆ. ಅದಕ್ಕೂ ‘ಕಟ್ಟೈತಿ’, ಒಳಗಿನ ಸುಣ್ಣಕ್ಕೂ ‘ಕಟ್ಟೈತಿ’. ಮೊದಲನೆಯದಕ್ಕೆ ಇಂಜಿನ್ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿದರೆ ಸಾಕು. ಎರಡನೆಯದಕ್ಕೆ ರೇಡಿಯೇಟರನ್ನೇ ಬಿಚ್ಚಬೇಕಾಗಬಹುದು.

ಬಳ್ಳಾರಿ, ಸಂಡೂರು ಕಡೆ ಅದಿರಿನ ಲಾರಿ ಓಡಿಸುವವರ ಮಾತು ಬಲ್ಲವರು ಯಾರಾದರೂ ಇದ್ದೀರಾ? ಅದಿರಿನ ಧೂಳು ತುಂಬಿದ ರೇಡಿಯೇಟರಿಗೆ ಅಲ್ಲಿ ಏನನ್ನುತ್ತಾರೆ? ಕೊಪ್ಪಳ, ಯಲಬುರ್ಗಾ ಕಡೆಯವರು ‘ಒಸರು’ ಮತ್ತು ‘ಸೋರು’ ಪದಗಳನ್ನು ಹೀಗೇ ಬೇರೆ ಮಾಡುತ್ತಾರಾ? ಬೋರಿನ ಪಂಪು, ಟ್ರ್ಯಾಕ್ಟರ್ ರಿಪೇರಿಯಲ್ಲೂ ‘ಕುಡೀತು’, ‘ಕುಡಿಯಾಕತ್ತೈತಿ’ಗಳಿಗೆ ಇದೇ ವ್ಯತ್ಯಾಸ ಇದೆಯೇ? ನೀವು ಕೇಳಿದ ವಾಕ್ಯವನ್ನೇ, ಊರಿನ ಹೆಸರಿನ ಜೊತೆ, ಹಾಗೇ ಬರೆದು ಕಳಿಸಿ.