ಟಿಪ್ ತೆಗೆಸುವ ಉಪಾಯ

ನಮ್ಮನೆಯ ವಾಟ್ಸಾಪ್ ಗುಂಪಿನ ಹೆಸರು ‘ಹಳೇಮನೆ’. ಬಸವನಗುಡಿಯ ಆ ಮನೆ ಅಪಾರ್ಟ್‌ಮೆಂಟ್ ಆಗಿ ಎಷ್ಟೋ ಕಾಲವಾಯಿತು, ಗುಂಪಿನಲ್ಲಿ ಹೆಸರು ಉಳಿದಿದೆ. ಅಪ್ಪ ಅಮ್ಮನ ಮದುವೆಗೆ ಐವತ್ತು ತುಂಬುತ್ತೆ ಅಂತ ಹನ್ನೆರಡು ಜನ ಸಿಂಗಪುರದಿಂದ ನಾಲ್ಕು ರಾತ್ರಿಯ ಕ್ರೂಸ್‌ಗೆ ಹೋಗುವುದು ತೀರ್ಮಾನವಾಗಿತ್ತು. ಭಾನುವಾರ ಭಾವ ಒಂದು ವಿಡಿಯೊ ಹಾಕಿದರು. ಮುಂದಿನದು ಕೆಳಗಿದೆ. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ. ಹೂವಿನ ಚಿತ್ರದ ಶುಭೋದಯಗಳನ್ನು ತೆಗೆದಿದ್ದೇನೆ.

ಯಲಹಂಕ ಭಾವ: (ಹಲವು ಬಾರಿ ಫಾರ್ವರ್ಡ್ ಆದ ವಿಡಿಯೊ) ಹಡಗಿನಲ್ಲಿ ಎಲ್ಲಾ ಫ್ರೀ!! 20 ಅಂತಸ್ತು, 7 ಈಜುಕೊಳ, ದಿನವಿಡೀ ಊಟ! ಕೊನೇ ದಿನ ಕೌಂಟರ್‌ಗೆ ಹೋಗಿ ಬಿಲ್‌ಗೆ ತಾನಾಗಿ ಸೇರಿದ ಟಿಪ್ ತೆಗೆಸಿ, ಸಾವಿರಾರು ರೂಪಾಯಿ ಉಳಿಸಿ. ಈ ಗುಟ್ಟು ಯಾರೂ ಹೇಳಲ್ಲ. ಎಲ್ಲರಿಗೂ ಕಳಿಸಿ.

ಯಲಹಂಕ ಭಾವ: ಕೊನೇ ಪಾಯಿಂಟ್ ಎಲ್ಲರೂ ನೋಡಿ. ನಾವು ಹನ್ನೆರಡು ಜನ ಇದ್ದೇವೆ.

ಜಯನಗರ ಅತ್ತೆ: ಏಳು ಈಜುಕೊಳ ಯಾಕೆ? ನಮ್ಮಲ್ಲಿ ಈಜು ಬರೋದು ಚಿಂಟುಗೆ ಒಬ್ಬನಿಗೇ.

ಹಡಗಿನ ಮಾವ: ವಿಡಿಯೊದಲ್ಲಿ ಇರುವುದು ಐಕಾನ್ ಆಫ್ ದಿ ಸೀಸ್. 2024ರ ಜನವರಿಯಲ್ಲಿ ಮಯಾಮಿಯಿಂದ ಹೊರಟಿದ್ದು. ಫಿನ್ಲೆಂಡ್‌ನಲ್ಲಿ ಕಟ್ಟಿದ್ದು. ಅದು ಸಿಂಗಪುರಕ್ಕೆ ಬರುವುದಿಲ್ಲ. ನಾವು ಹತ್ತುವ ಹಡಗು ಬೇರೆ.

(ಮಾವ ಸರಕು ಹಡಗುಗಳಲ್ಲಿ ಇಂಜಿನಿಯರ್ ಆಗಿದ್ದವರು. ಜಯನಗರ ಅತ್ತೆಯ ಗಂಡ. ಇಬ್ಬರೂ ಒಂದೇ ಸೋಫಾದಲ್ಲಿ ಕೂತು ಗುಂಪಿನಲ್ಲಿ ಜಗಳ ಆಡುತ್ತಾರೆ.)

ಚಿಂಟು: ಎರಡೂವರೆ ಲಕ್ಷ ಟನ್ ತೂಕ ಅಂತೆ! ಹೇಗೆ ತೇಲುತ್ತೆ ಮಾವ?

ಹಡಗಿನ ಮಾವ: ಅದು ತೂಕ ಅಲ್ಲಪ್ಪ. ಗ್ರಾಸ್ ಟನೇಜ್ ಅಂದರೆ ಹಡಗಿನ ಒಳಗಿನ ಜಾಗದ ಲೆಕ್ಕ. ನೂರು ಸಲ ಹೇಳಿದ್ದೇನೆ.

ನಾನು: ಮೊದಲು ‘ಎಲ್ಲಾ ಫ್ರೀ’ ಅನ್ನುವುದನ್ನು ಬಿಡಿ. ಟಿಕೆಟ್‌ನಲ್ಲಿ ಬರುವುದು ಕ್ಯಾಬಿನ್, ಬಫೆ, ದೊಡ್ಡ ಡೈನಿಂಗ್ ಹಾಲಿನ ಊಟ, ನೀರು, ಟೀ, ಸಾದಾ ಕಾಫಿ, ರಾತ್ರಿಯ ಶೋ. ಕೋಕ್, ಬಿಯರ್, ಕೆಫೆಯ ಸ್ಪೆಷಲ್ ಕಾಫಿ, ವೈ-ಫೈ, ಮಸಾಜ್, ಸ್ಪೆಷಲ್ ರೆಸ್ಟೋರೆಂಟ್ ಎಲ್ಲಕ್ಕೂ ಬೇರೆ ದುಡ್ಡು. ಹಡಗಿನಲ್ಲಿ ನಗದು ನಡೆಯಲ್ಲ. ಕ್ಯಾಬಿನ್ ಬಾಗಿಲು ತೆಗೆಯುವ ಕಾರ್ಡನ್ನೇ ಎಲ್ಲಾ ಕಡೆ ಕೊಡುತ್ತೀರಿ, ಲೆಕ್ಕ ಕೊನೆಯಲ್ಲಿ ಬರುತ್ತೆ. ಚಿಂಟುಗೆ ಆ ಕಾರ್ಡ್ ಕೊಡುವ ಮೊದಲು ಮಿತಿ ಹಾಕಿಸಿ.

ಚಿಂಟು: 😐

ಯಲಹಂಕ ಭಾವ: ಅದೇ ನಾನು ಹೇಳುವುದು. ಇಷ್ಟೆಲ್ಲಾ ಕಿತ್ತುಕೊಳ್ಳುತ್ತಾರೆ, ಮೇಲೆ ಟಿಪ್ ಬೇರೆ. ಲೆಕ್ಕ ಹಾಕಿದ್ದೇನೆ. ತಲೆಗೆ ದಿನಕ್ಕೆ 18 ಡಾಲರ್. ಹನ್ನೆರಡು ಜನ, ನಾಲ್ಕು ರಾತ್ರಿ. 864 ಡಾಲರ್. ಹೆಚ್ಚು ಕಡಿಮೆ ಮುಕ್ಕಾಲು ಲಕ್ಷ. ಮಗುವಿಗೂ ಅದೇ ರೇಟು! ಅದು ತಿನ್ನುವುದು ಎರಡು ಇಡ್ಲಿ.

ರಾಜಾಜಿನಗರ ಚಿಕ್ಕಪ್ಪ: ಮುಕ್ಕಾಲು ಲಕ್ಷನಾ?! ಭಾವ ಹೇಳುವುದು ಸರಿ. ಗಾಂಧಿ ಬಜಾರ್‌ನಲ್ಲಿ ದೋಸೆ ತಿಂದರೆ ನಾನೂ ತಟ್ಟೆಯಲ್ಲಿ ಇಪ್ಪತ್ತು ರೂಪಾಯಿ ಇಡುತ್ತೇನೆ. ಖುಷಿಯಿಂದ ಇಡುವುದು. ಬಿಲ್‌ನಲ್ಲಿ ಹಾಕಿ ವಸೂಲಿ ಮಾಡಿದರೆ ಅದು ಟಿಪ್ ಹೇಗೆ ಆಗುತ್ತೆ?

ಪಿಂಕಿ: ಆದರೆ ತೆಗೆಸಿದರೆ ಹೋಗುವುದು ಯಾರ ಜೇಬಿಂದ? ಕಂಪನಿಯದಾ, ರೂಮ್ ಗುಡಿಸುವವರದಾ?

ಯಲಹಂಕ ಭಾವ: ಪಿಂಕಿ, ಸಂಬಳ ಕೊಡುವುದು ಕಂಪನಿಯ ಕೆಲಸ. ನಾನು ಟಿಕೆಟ್ ಕೊಂಡಿದ್ದೇನೆ. ನಿಮ್ಮ ಐಟಿ ಕಂಪನಿ ನಿನ್ನ ಸಂಬಳವನ್ನು ಕ್ಲೈಂಟ್ ಹತ್ತಿರ ಟಿಪ್ ಅಂತ ಕೇಳುತ್ತಾ?

ಇದು ತೂಕದ ಮಾತೇ. ಭಾವನನ್ನು ಜಿಪುಣ ಅಂತ ಒಂದೇ ಏಟಿಗೆ ಮುಗಿಸಲು ನಾನೂ ತಯಾರಿಲ್ಲ. ಟಿಪ್ಪನ್ನು ಟಿಕೆಟಿನಲ್ಲೇ ಸೇರಿಸಿ ಮಾರುವ ಕಂಪನಿಗಳೂ ಇವೆ, ಆದ್ದರಿಂದ ಆಗದ ಕೆಲಸವೇನಲ್ಲ. ಟಿಕೆಟ್ ಅಗ್ಗ ಕಾಣಲಿ ಅಂತ ಬೇರೆ ಇಡುತ್ತಾರೆ, ಅಷ್ಟೇ. ಆದರೆ ತೆಗೆಸಿದ ದುಡ್ಡು ಕಂಪನಿಗೆ ತಟ್ಟುವುದಿಲ್ಲ. ಅದನ್ನು ಬರೆಯಲು ಕೂತಿದ್ದೆ, ಅಷ್ಟರಲ್ಲಿ ಮಾವ ಬಂದರು.

ಹಡಗಿನ ಮಾವ: ಆ ಹಡಗುಗಳು ಬಹಾಮಾಸ್, ಪನಾಮಾ ಬಾವುಟ ಹಾರಿಸುತ್ತವೆ, ಅಂದರೆ ನೋಂದಣಿ ಅಲ್ಲಿಯದು. ಐಕಾನ್ ಕೂಡ ಬಹಾಮಾಸ್‌ದೇ. ನಡೆಯುವುದು ಆ ದೇಶದ ಕಾನೂನು. ನಾವಿಕರಿಗೆ ಅಂತ 2006ರ ಒಂದು ಅಂತರರಾಷ್ಟ್ರೀಯ ಒಪ್ಪಂದ ಇದೆ, ಎಂಎಲ್‌ಸಿ ಅನ್ನುತ್ತಾರೆ. ಅದರ ಪ್ರಕಾರ ದಿನಕ್ಕೆ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಈಗ ಉಳಿದದ್ದು ಎಷ್ಟು ಲೆಕ್ಕ ಹಾಕಿ.

ಚಿಂಟು: ವಾರಕ್ಕೆ 168 ಗಂಟೆ. 168 - 77 = 91!

ಹಡಗಿನ ಮಾವ: ಅದು ವಿಶ್ರಾಂತಿಯ ಗಂಟೆ ಎಣಿಸುವ ದೇಶಗಳ ಲೆಕ್ಕ. ಕೆಲಸದ ಗಂಟೆ ಎಣಿಸುವ ದೇಶಗಳಲ್ಲಿ ವಾರಕ್ಕೆ 72ರ ಮಿತಿ. ಯಾವುದೇ ಆಗಲಿ, ಭಾನುವಾರ ಅನ್ನುವುದು ಇಲ್ಲ. ಆರು ತಿಂಗಳು, ಎಂಟು ತಿಂಗಳು ಹೀಗೇ. ಆಮೇಲೆ ಊರು.

ಜಯನಗರ ಅತ್ತೆ: ಇವರು ಬರುತ್ತಿದ್ದದ್ದು ಹಾಗೇ. ಬಂದಾಗ ಮಗ ಇವರನ್ನು ಅಂಕಲ್ ಅಂದಿದ್ದ.

ಹಡಗಿನ ಮಾವ: ಅದು ಇಲ್ಲಿ ಬೇಡ.

ನಾನು: ನಾನು ಕಂಡದ್ದು ಹೇಳುತ್ತೇನೆ ಭಾವ, ಆಮೇಲೆ ನೀವು ಬೈಯಿರಿ. ಹಿಂದೊಮ್ಮೆ ನಾವು ಅತ್ತೆಯವರ (ನನ್ನ ಗಂಡನ ಅಮ್ಮನ) ಜೊತೆ ಕ್ರೂಸ್‌ಗೆ ಹೋಗಿದ್ದಾಗ ರಾತ್ರಿ ಊಟ ಡೈನಿಂಗ್ ಹಾಲಿನಲ್ಲಿ. ಅಲ್ಲಿ ಎರಡು ಸರದಿ, ನಮ್ಮ ಛತ್ರದ ಮೊದಲ ಪಂಕ್ತಿ, ಎರಡನೇ ಪಂಕ್ತಿ ಇದ್ದ ಹಾಗೆ. ನಾವು ಮೊದಲನೇದು ತಗೊಂಡಿದ್ದೆವು. ಟೇಬಲ್ ದಿನಾ ಅದೇ, ಬಡಿಸುವವರೂ ಅವರೇ. ಮೆನು ಬಂತು. ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದೇ ಓದಿ ನನ್ನ ಕಿವಿಯಲ್ಲಿ ‘ಇದರಲ್ಲಿ ಮೊಟ್ಟೆ ಇರುತ್ತಾ’ ಅಂದರು. ಹಿಂದಿನಿಂದ ಉತ್ತರ ಬಂತು. ‘ಅದು ಬೇಡ ಅಮ್ಮ, ಮೊಟ್ಟೆ ಇದೆ. ಕೆಳಗಿನದು ತಗೊಳ್ಳಿ.’ ಕುಂದಾಪುರದ ಕಡೆಯ ಹುಡುಗ! ಅತ್ತೆ ಮುಖ ನೋಡಬೇಕಿತ್ತು.

ನಾನು: ಅವರು ಹೇಳಿಕೊಟ್ಟದ್ದು ಇದು, ಎಲ್ಲರೂ ಗಮನ ಇಡಿ. ಸಸ್ಯಾಹಾರ, ಜೈನ್ ಊಟ ಏನೇ ಇದ್ದರೂ ಬುಕ್ ಮಾಡುವಾಗಲೇ ಬರೆಸಬೇಕು. ಹತ್ತಿದ ಮೇಲೆ ಮೊದಲ ರಾತ್ರಿಯೇ ಹೆಡ್ ವೇಟರ್‌ಗೆ ಹೇಳಬೇಕು. ನಾಳೆ ರಾತ್ರಿ ಏನು ಬೇಕು ಅಂತ ಇವತ್ತು ರಾತ್ರಿ ಕೇಳುತ್ತಾರೆ. ಮೆನುವಿನಲ್ಲಿ ಇಲ್ಲದ್ದನ್ನೂ ಅಡುಗೆಮನೆಯವರು ಮಾಡಿಕೊಡುತ್ತಾರೆ. ನಮಗೆ ಮಾರನೇ ದಿನ ಅನ್ನ, ತೊವ್ವೆ, ಹುರುಳಿಕಾಯಿ ಪಲ್ಯ ಬಂತು. ತೊವ್ವೆಗೆ ಇಂಗು ಇರಲಿಲ್ಲ, ಅದೊಂದು ಬಿಟ್ಟರೆ ಚೆನ್ನಾಗಿತ್ತು.

ರಾಜಾಜಿನಗರ ಚಿಕ್ಕಪ್ಪ: ಇಂಗು ಇಲ್ಲದೆ ತೊವ್ವೆ ಹೇಗೆ ತೊವ್ವೆ ಆಗುತ್ತೆ.

ನಾನು: ಮುಖ್ಯ ಮಾತು ಇನ್ನೂ ಇದೆ ಚಿಕ್ಕಪ್ಪ. ಒಂದು ಬಗೆ ಮುಗಿದು ಇನ್ನೊಂದು ಬರುವ ಮೊದಲು ಆ ಹುಡುಗ ಜೇಬಿನಿಂದ ಬೆರಳುದ್ದದ ಸ್ಟೀಲ್ ಪಟ್ಟಿ ತೆಗೆದು ಮೇಜಿನ ಬಟ್ಟೆ ಮೇಲಿನ ಬ್ರೆಡ್ ಪುಡಿಯನ್ನು ಗೀರಿ ತಟ್ಟೆಗೆ ತಳ್ಳುತ್ತಿದ್ದರು. ಒಂದು ಕಣವೂ ಉಳಿಯುತ್ತಿರಲಿಲ್ಲ. ನಾವು ಏಳುವ ಹೊತ್ತಿಗೆ ಎರಡನೇ ಪಂಕ್ತಿಯವರು ಬಾಗಿಲಲ್ಲಿ ನಿಂತಿರುತ್ತಿದ್ದರು. ಬಟ್ಟೆ ಬದಲಾಯಿಸಿ, ಚಮಚ, ಫೋರ್ಕ್ ಎಲ್ಲ ಮತ್ತೆ ಜೋಡಿಸಬೇಕು. ಅವರು ಹೊರಗೆ ಬರುವುದು ಹನ್ನೊಂದರ ಮೇಲೆ. ಬೆಳಿಗ್ಗೆ ಏಳಕ್ಕೆ ನಾನು ಮೇಲೆ ಬಫೆಗೆ ಹೋದರೆ ಕಾಫಿ ಮೆಷೀನ್ ಹತ್ತಿರ ಅದೇ ಮುಖ, ಅದೇ ‘ನಮಸ್ಕಾರ ಅಕ್ಕ’. ನಾನು ಕೌಂಟರ್‌ನಲ್ಲಿ ನಿಂತು ಟಿಪ್ ತೆಗೆಸಿ ಅಂತ ಹೇಳಲಾ?

ಯಲಹಂಕ ಭಾವ: ಆ ಹುಡುಗನಿಗೆ ಕೈಯಲ್ಲೇ ಕೊಡುತ್ತೇನೆ. ಬೇಡ ಅಂದವರು ಯಾರು? ನನ್ನ ಹುಡುಗನಿಗೆ ನಾನು ಕೊಡುವುದು, ಕಂಪನಿ ಮೂಲಕ ಯಾಕೆ?

ಪಿಂಕಿ: ನಿಮ್ಮ ಕಣ್ಣಿಗೆ ಬೀಳದವರಿಗೆ? ಅಡುಗೆಮನೆಯವರು, ಲಾಂಡ್ರಿಯವರು?

ಹಡಗಿನ ಮಾವ: ಪಿಂಕಿ ಹೇಳುವುದು ಸರಿ. ಐಕಾನ್‌ನಲ್ಲಿ 2,350 ಸಿಬ್ಬಂದಿ. ನಿನಗೆ ಕಾಣುವುದು ನಾಲ್ಕೋ ಐದೋ ಜನ. ಉಳಿದವರಲ್ಲಿ ಹೆಚ್ಚಿನವರು ನಿನ್ನ ಕಣ್ಣಿಗೆ ಬೀಳದ ಕಡೆ. ಈ ಟಿಪ್ ಸಾಮಾನ್ಯವಾಗಿ ಡೈನಿಂಗ್ ಹಾಲ್, ಕ್ಯಾಬಿನ್, ಮತ್ತೆ ಹಿಂದೆ ಕೆಲಸ ಮಾಡುವ ಕೆಲವರಿಗೆ ಹಂಚಿಕೆ ಆಗುತ್ತೆ. ಇಂಜಿನ್ ರೂಮಿನವರಿಗೆ ಯಾವ ಕಾಲಕ್ಕೂ ಇಲ್ಲ, ಅದು ಬೇರೆ ಕಥೆ.

ಜಯನಗರ ಅತ್ತೆ: ಬಂತು ಇಂಜಿನ್ ರೂಮು.

ರಾಜಾಜಿನಗರ ಚಿಕ್ಕಪ್ಪ: ನಾವು ವಿಶ್ರಾಂತಿಗೆ ಹೋಗುವುದಾ ಇಲ್ಲ ಕಾರ್ಮಿಕ ಸಂಘ ಕಟ್ಟುವುದಕ್ಕಾ? ಅಲ್ಲಿ ಏನು ಮಾಡುವುದು ಇಡೀ ದಿನ, ಅದು ಹೇಳಿ.

ಜಯನಗರ ಅತ್ತೆ: ನನಗೂ ಅದೇ. ಏಳೂವರೆ ಸಾವಿರ ಜನ ಅಂತ ವಿಡಿಯೊದಲ್ಲಿ ಹೇಳಿದ್ದಾರೆ. ಮೆಜೆಸ್ಟಿಕ್‌ನಲ್ಲಿ ಕೂತು ವಿಶ್ರಾಂತಿ ಮಾಡಿದಂತೆ ಆಗಲ್ವಾ?

ನಾನು: ಅಷ್ಟು ಜನ ಐಕಾನ್ ಪೂರ್ತಿ ತುಂಬಿದರೆ. ನಮ್ಮ ಹಡಗಿನಲ್ಲಿ ಕಡಿಮೆ. ಆದರೂ ಮೊದಲ ದಿನ ಈಜುಕೊಳದ ಹತ್ತಿರ ಹೋಗಲೇಬೇಡಿ ಅತ್ತೆ. ಬೆಳಿಗ್ಗೆ ಆರಕ್ಕೇ ಬಂದು ಕುರ್ಚಿಯ ಮೇಲೆ ಟವೆಲ್ ಹಾಸಿ, ಒಂದು ಪುಸ್ತಕ ಇಟ್ಟು, ಹತ್ತು ಗಂಟೆವರೆಗೂ ನಾಪತ್ತೆ ಆಗುವ ಜನ ಇರುತ್ತಾರೆ. ದೊಡ್ಡವರಿಗೆ ಮಾತ್ರ ಅಂತ ಒಂದು ಜಾಗ ಇರುತ್ತೆ, ಅಲ್ಲಿ ಮಕ್ಕಳ ಗಲಾಟೆ ಇಲ್ಲ. ನನಗೆ ಇನ್ನೂ ಇಷ್ಟವಾದದ್ದು ಬಂದರಿನ ದಿನ. ಪೆನಾಂಗ್‌ನಲ್ಲಿ ಹಡಗು ನಿಂತಾಗ ಮುಕ್ಕಾಲು ಪಾಲು ಜನ ಇಳಿದು ಹೋದರು. ನಾನು ಇಳಿಯಲಿಲ್ಲ. ಇಡೀ ಮೇಲಿನ ಡೆಕ್ ಖಾಲಿ. ಬಿಸಿನೀರಿನ ತೊಟ್ಟಿಯಲ್ಲಿ ನಾನೊಬ್ಬಳೇ. ಬಫೆಯಲ್ಲಿ ಕ್ಯೂ ಇಲ್ಲ. ಮಧ್ಯಾಹ್ನ ಮಲಗಿ ಎದ್ದಾಗ ಇನ್ನೂ ಯಾರೂ ವಾಪಸ್ ಬಂದಿರಲಿಲ್ಲ.

ಯಲಹಂಕ ಭಾವ: ಲಕ್ಷ ಖರ್ಚು ಮಾಡಿ, ವಿಮಾನ ಹತ್ತಿ ಹೋಗಿ, ಊರು ನೋಡದೆ ಮಲಗಿದ್ದಾ??

ರಾಜಾಜಿನಗರ ಚಿಕ್ಕಪ್ಪ: 😂😂

ನಾನು: ಹೌದು. ಮನೆಯಲ್ಲಿ ಮಲಗಿದರೆ ಕುಕ್ಕರ್ ಕೂಗುತ್ತೆ.

ಅಮ್ಮ: ನಾನೂ ಇಳಿಯಲ್ಲ.

ಇಡೀ ಬೆಳಗ್ಗೆಯಿಂದ ಅಮ್ಮ ಹಾಕಿದ ಮೊದಲ ಮೆಸೇಜ್ ಅದು. ಅಪ್ಪನ ಹೆಸರಿನ ಕೆಳಗೆ ‘ಟೈಪಿಂಗ್’ ಅಂತ ಬಂದು ಬಂದು ಹೋಯಿತು.

ಜಯನಗರ ಅತ್ತೆ: ಹಡಗಿನಲ್ಲಿ ವಾಂತಿ ಭೇದಿ ಹರಡುತ್ತೆ ಅಂತ ಟೀವಿಯಲ್ಲಿ ನೋಡಿದ್ದೆ. ಸ್ಯಾನಿಟೈಸರ್ ಎಷ್ಟು ಬಾಟಲ್ ತಗೊಳ್ಳಲಿ?

ಪಿಂಕಿ: ಅದು ನೋರೊವೈರಸ್ ಅತ್ತೆ. ಅದಕ್ಕೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡಲ್ಲ. ಸೋಪು ಹಾಕಿ ಕೈ ತೊಳೆಯಬೇಕು, ಅದೇ ಮದ್ದು. ಬಫೆ ಬಾಗಿಲಲ್ಲೇ ಬೇಸಿನ್ ಇಟ್ಟಿರುತ್ತಾರೆ.

ಹಡಗಿನ ಮಾವ: ಬಫೆಯಲ್ಲಿ ಬೇಕಾದಷ್ಟೇ ಹಾಕಿಕೊಳ್ಳಿ. ಬಿಸಾಡಿದ ಊಟವನ್ನು 25 ಮಿಲಿಮೀಟರ್‌ಗಿಂತ ಸಣ್ಣಗೆ ಅರೆದು, ದಡದಿಂದ 3 ನಾಟಿಕಲ್ ಮೈಲಿ ದಾಟಿದ ಮೇಲೆ ಸಮುದ್ರಕ್ಕೆ ಬಿಡಬಹುದು ಅಂತ ನಿಯಮ. ಕೆಲವು ಸಮುದ್ರಗಳಲ್ಲಿ 12 ಮೈಲಿ. ಪ್ಲಾಸ್ಟಿಕ್ ಎಲ್ಲೂ ಬಿಡುವ ಹಾಗಿಲ್ಲ.

ಚಿಂಟು: ಅಂದರೆ ನನ್ನ ಉಳಿದ ಪಾಸ್ತಾ ಮೀನಿಗೆ 👍

ಅಪ್ಪ: ಟಿಪ್ ವಿಷಯ. ತೆಗೆಸುವುದು ಬೇಡ. ಪಾರ್ಟಿ ನಮ್ಮದು, ಆ ದುಡ್ಡು ನಾನು ಕೊಡುತ್ತೇನೆ.

ಗುಂಪಿನಲ್ಲಿ ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ. ಅಪ್ಪ ಪೆನ್ಶನ್‌ನಿಂದ ಕೊಡುತ್ತೇನೆ ಅಂದರೆ ಯಾವ ಅಳಿಯ ತಾನೇ ವಾದ ಮುಂದುವರಿಸುತ್ತಾನೆ? ನನಗೆ ಅನ್ನಿಸಿದ್ದು, ಅಪ್ಪ ಅದನ್ನು ಗೊತ್ತಿದ್ದೇ ಬರೆದಿದ್ದು.

ಯಲಹಂಕ ಭಾವ: ಛೆ, ನೀವು ಯಾಕೆ ಮಾವ. ನಮ್ಮದು ನಾವೇ ಕೊಡುತ್ತೇವೆ. ಬುಕ್ ಮಾಡುವಾಗಲೇ ಕಟ್ಟಿಬಿಡಬಹುದು ಅಂತ ಸೈಟಿನಲ್ಲಿ ಇದೆ, ಕಟ್ಟುತ್ತೇನೆ. ನನ್ನ ವಾದ ತತ್ವದ್ದು ಅಷ್ಟೇ. ಮಗುವಿಗೆ 18 ಡಾಲರ್ ತಪ್ಪು ಅನ್ನುವುದರಲ್ಲಿ ನಾನು ಬಗ್ಗಲ್ಲ.

ಪಿಂಕಿ: ಭಾವ, ಊಟದ ಮೇಜಿನ ಕೆಳಗೆ ಜಾಸ್ತಿ ಚೆಲ್ಲುವುದು ಅದೇ ಮಗು.

ಯಲಹಂಕ ಭಾವ: ಇನ್ನೊಂದು. ವೈ-ಫೈ ಒಬ್ಬರಿಗೆ ಮಾತ್ರ ತಗೊಳ್ಳುವುದು. ಇದರಲ್ಲಿ ಚರ್ಚೆ ಇಲ್ಲ.

ಜಯನಗರ ಅತ್ತೆ: ನಾನು ಸಣ್ಣ ರೈಸ್ ಕುಕ್ಕರ್ ತರುತ್ತೇನೆ. ಬೆಳಿಗ್ಗೆ ಗಂಜಿ ಮಾಡಿಕೊಳ್ಳಬಹುದು.

ಹಡಗಿನ ಮಾವ: ಕುಕ್ಕರ್, ಕೆಟಲ್, ಇಸ್ತ್ರಿಪೆಟ್ಟಿಗೆ ಯಾವುದೂ ಬಿಡುವುದಿಲ್ಲ. ಹತ್ತುವಾಗಲೇ ಎತ್ತಿ ಇಟ್ಟುಕೊಳ್ಳುತ್ತಾರೆ. ಹಡಗಿನಲ್ಲಿ ಬೆಂಕಿಗೆ ಹೆದರಿದಷ್ಟು ನೀರಿಗೆ ಹೆದರುವುದಿಲ್ಲ.

ಜಯನಗರ ಅತ್ತೆ: ಚಟ್ನಿಪುಡಿ?

ನಾನು: ಸೀಲ್ ಆದ ಪ್ಯಾಕೆಟ್ ಆದರೆ ಸಾಮಾನ್ಯವಾಗಿ ಏನೂ ಅನ್ನಲ್ಲ. ಡಬ್ಬಿಯಲ್ಲಿ ಮನೆಯದು ಬೇಡ. ಇಂಗನ್ನು ಚಿಕ್ಕಪ್ಪ ನೋಡಿಕೊಳ್ಳಲಿ. ಈಗ ಮುಖ್ಯ ಕೆಲಸ. ಸಿಂಗಪುರಕ್ಕೆ ಎರಡು ಸಲ ಒಳಗೆ ಬರುತ್ತೇವೆ, ಹೋಗುವಾಗ ಒಮ್ಮೆ, ಹಡಗಿನಿಂದ ಇಳಿದಾಗ ಒಮ್ಮೆ. ಅದಕ್ಕೆ ತಕ್ಕ ವೀಸಾ ಬೇಕು. ಪಾಸ್‌ಪೋರ್ಟ್‌ಗೆ ಆರು ತಿಂಗಳ ಅವಧಿ ಉಳಿದಿರಬೇಕು. ಎಲ್ಲರೂ ಮೊದಲ ಪುಟದ ಫೋಟೋ ನನಗೆ ಬೇರೆಯಾಗಿ ಕಳಿಸಿ, ಗುಂಪಿನಲ್ಲಿ ಹಾಕಬೇಡಿ.

ನನ್ನದೂ ಸೇರಿ ಹನ್ನೊಂದು ಜನರದು ಸಂಜೆಯೊಳಗೆ ಬಂತು.

ನಾನು: ಹಡಗಿನ ಮಾವ, ನಿಮ್ಮದು?

ಜಯನಗರ ಅತ್ತೆ: ಇವರದು ಮುಗಿದು ಎರಡು ವರ್ಷ ಆಯಿತಂತೆ. ಈಗ ಬೀರು ತೆಗೆದು ನೋಡಿದರು.

ಯಲಹಂಕ ಭಾವ: 😂😂😂 ಪಾಸ್‌ಪೋರ್ಟ್ ಸೇವಾ ಕೇಂದ್ರದ ಅಪಾಯಿಂಟ್‌ಮೆಂಟ್ ನಾನೇ ಹಾಕುತ್ತೇನೆ ಮಾವ. ಫ್ರೀ.