ಕ್ಯಾಂಪ್ ಸ್ಯಾಂಪಲ್‌ಗಳಲ್ಲಿ ಆಸ್ಟಿಯೋಕ್ಯಾಲ್ಸಿನ್, ಇನ್ಸುಲಿನ್ ಎರಡೂ ಕಮ್ಮಿ: ತೊಂದರೆ ಎಲ್ಲಿ?

ಪ್ರಶ್ನೆ – ಲ್ಯಾಬ್ ಟೆಕ್ನಿಷಿಯನ್, ಮಡಿಕೇರಿ

24ರಿಂದ 28 ವಾರದ ಗರ್ಭಿಣಿಯರಲ್ಲಿ ಮೂಳೆಯ ಹಾರ್ಮೋನಾದ ಆಸ್ಟಿಯೋಕ್ಯಾಲ್ಸಿನ್ನಿಗೂ ಇನ್ಸುಲಿನ್ ಪ್ರತಿರೋಧಕ್ಕೂ ನಂಟಿದೆಯೇ ಎಂದು ನೋಡುವ ಅಧ್ಯಯನ. ಮಡಿಕೇರಿಯಲ್ಲೇ ತೆಗೆದ ರಕ್ತದಲ್ಲಿ ತಕರಾರಿಲ್ಲ. ಗೋಣಿಕೊಪ್ಪ, ಸಿದ್ದಾಪುರ ಕಡೆಯ ಕ್ಯಾಂಪಿನಿಂದ ಬಂದದ್ದರಲ್ಲಿ ಆಸ್ಟಿಯೋಕ್ಯಾಲ್ಸಿನ್ ತೀರಾ ಕೆಳಗೆ, ಫಾಸ್ಟಿಂಗ್ ಇನ್ಸುಲಿನ್ನೂ ಕಮ್ಮಿ. 75 ಗ್ರಾಂ ಗ್ಲೂಕೋಸ್ ಕುಡಿದು ಎರಡು ಗಂಟೆಗೆ ರಕ್ತದ ಗ್ಲೂಕೋಸ್ 140 ಮಿ.ಗ್ರಾಂ/ಡೆಸಿಲೀಟರ್ ದಾಟಿದವರಲ್ಲೂ ಹೋಮಾ-ಐಆರ್ (ಇನ್ಸುಲಿನ್ ಪ್ರತಿರೋಧವನ್ನು ಅಂದಾಜಿಸುವ ಅಂಕಿ) 1.6ರ ಆಸುಪಾಸು. ಗ್ಲೂಕೋಸಿಗೆ ಫ್ಲೋರೈಡ್ ಟ್ಯೂಬ್, ಉಳಿದದ್ದಕ್ಕೆ ಕೆಂಪು ಮುಚ್ಚಳದ್ದು. ಥರ್ಮೋಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕ್ ಜೊತೆ ಬರುತ್ತವೆ, ಇಲ್ಲಿಗೆ ಬಂದ ಮೇಲೆ ಸೆಂಟ್ರಿಫ್ಯೂಜ್. ಕಂಟ್ರೋಲ್ (ಮೌಲ್ಯ ಮೊದಲೇ ಗೊತ್ತಿರುವ ಸ್ಯಾಂಪಲ್) ಸರಿ ಬರುತ್ತಿದೆ. ಲೈನ್‌ಮನೆಯವರ (ತೋಟದ ಕಾರ್ಮಿಕರ) ಊಟದ ವ್ಯತ್ಯಾಸ ಕಾರಣ ಇರಬಹುದೇ?

ಉತ್ತರ – ಬಯೋಕೆಮಿಸ್ಟ್ರಿ

ಊಟದ ಕಾರಣ ಹುಡುಕಲು ಹೋಗಬೇಡಿ ಮೇಡಂ, ಮೊದಲು ಡಬ್ಬಿ ತೆರೆದು ನೋಡಿ. ಎರಡೂ ಒಟ್ಟಿಗೆ ಬಿದ್ದಿವೆ ಅಂದರೆ ಮೊದಲ ಅನುಮಾನ ಹಿಮೋಲಿಸಿಸ್ ಮೇಲೆ. ಕೆಂಪು ರಕ್ತಕಣ ಒಡೆದರೆ ಒಳಗಿನ ಎಂಜೈಮ್‌ಗಳು ಸೀರಂಗೆ (ಗರಣೆ ಕಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ) ಬಂದು ಇನ್ಸುಲಿನ್ನನ್ನೂ ಆಸ್ಟಿಯೋಕ್ಯಾಲ್ಸಿನ್ನನ್ನೂ ಕತ್ತರಿಸುತ್ತವೆ. ಸೀರಂ ಕೆಂಪಾಗಿ ಕಾಣಲೇಬೇಕೆಂದಿಲ್ಲ, ತೆಳು ಗುಲಾಬಿಯಾದರೂ ಇನ್ಸುಲಿನ್ ಇಳಿದಿರುತ್ತದೆ. ಅನಲೈಜರಿನಲ್ಲಿ ಹಿಮೋಲಿಸಿಸ್ ಇಂಡೆಕ್ಸ್ (ಕಣ ಎಷ್ಟು ಒಡೆದಿದೆ ಎಂದು ತೋರಿಸುವ ಅಂಕಿ) ಇದ್ದರೆ ಅದನ್ನೇ ನಂಬಿ.

ಸಾಮಾನ್ಯವಾಗಿ ಕೆಡುವುದು ಹೀಗೆ: ಡೀಪ್ ಫ್ರೀಜರಿನಿಂದ ಆಗತಾನೇ ತೆಗೆದ ಜೆಲ್ ಪ್ಯಾಕಿಗೆ ಟ್ಯೂಬ್ ನೇರವಾಗಿ ತಾಗಿರುತ್ತದೆ. ತಾಗಿದ ಕಡೆ ರಕ್ತ ಹೆಪ್ಪುಗಟ್ಟುವುದಲ್ಲ, ಮಂಜುಗಟ್ಟುತ್ತದೆ. ಕಣ ಅಲ್ಲೇ ಒಡೆಯುತ್ತದೆ. ಘಾಟಿ ತಿರುವಿನ ಕುಲುಕಾಟ ಆಮೇಲಿನ ಮಾತು.

ಲೆಕ್ಕ ನೋಡಿ. ಹೋಮಾ-ಐಆರ್ ಎಂದರೆ ಫಾಸ್ಟಿಂಗ್ ಗ್ಲೂಕೋಸ್ (ಮಿ.ಗ್ರಾಂ/ಡೆಸಿಲೀಟರ್) ಗುಣಿಸು ಇನ್ಸುಲಿನ್ (ಮೈಕ್ರೋಯೂನಿಟ್/ಮಿ.ಲೀ.) ಭಾಗಿಸು 405. ನಿಜವಾದದ್ದು 88 ಮತ್ತು 12 ಇದ್ದರೆ 2.6. ದಾರಿಯಲ್ಲಿ ಗ್ಲೂಕೋಸ್ 83ಕ್ಕೆ, ಇನ್ಸುಲಿನ್ 8ಕ್ಕೆ ಇಳಿದರೆ 1.6. ಹೆಂಗಸು ಅವಳೇ, ಪ್ರತಿರೋಧ ಮಾತ್ರ ಕಾಗದದ ಮೇಲೆ ಮಾಯ. ಫ್ಲೋರೈಡ್ ಇದೆಯಲ್ಲ ಎನ್ನಬೇಡಿ, ಅದು ತಡೆಯುವುದು ಎನೊಲೇಸ್ ಎಂಬ ಎಂಜೈಮನ್ನು. ಗ್ಲೂಕೋಸ್ ಕರಗುವ ದಾರಿಯಲ್ಲಿ ಅದು ಕೊನೆಯ ಕಡೆ ಇರುವುದರಿಂದ ಮೊದಲ ಒಂದೆರಡು ಗಂಟೆ ಸೋರಿಕೆ ನಡೆದೇ ಇರುತ್ತದೆ.

ಪರೀಕ್ಷೆ: ಗರ್ಭಿಣಿಯಲ್ಲದ, ಒಪ್ಪಿದ ಸಿಬ್ಬಂದಿಯೊಬ್ಬರಿಂದ ಕ್ಯಾಂಪಿನಲ್ಲೇ ಮೂರು ಕೆಂಪು ಟ್ಯೂಬ್ ತೆಗೆಯಿರಿ. ಒಂದನ್ನು ಅಲ್ಲೇ ಸ್ಪಿನ್ ಮಾಡಿ ಸೀರಂ ಬೇರ್ಪಡಿಸಿ. ಒಂದು ಈಗಿನಂತೆಯೇ ಪ್ಯಾಕಿಗೆ ತಾಗಿಸಿ ಬರಲಿ. ಇನ್ನೊಂದು ಪ್ಯಾಕಿನ ಮಧ್ಯೆ ದಪ್ಪ ಟವೆಲ್ ಇಟ್ಟು ಬರಲಿ. ಮೂರನ್ನೂ ಒಂದೇ ರನ್ನಿನಲ್ಲಿ ಹಾಕಿ.

ಕಾಯಂ ಪರಿಹಾರ ಕ್ಯಾಂಪಿಗೇ ಸಣ್ಣ ಸೆಂಟ್ರಿಫ್ಯೂಜ್. ಕೆಂಪು ಟ್ಯೂಬ್ ಕೋಣೆಯ ಶಾಖದಲ್ಲಿ 30 ನಿಮಿಷ ನೆಟ್ಟಗೆ ನಿಲ್ಲಲಿ, ಪೂರ್ತಿ ಗರಣೆ ಕಟ್ಟುವ ಮೊದಲು ತಣ್ಣಗೆ ಮಾಡಬೇಡಿ. ಆಮೇಲೆ ಸೆಂಟ್ರಿಫ್ಯೂಜಿನಲ್ಲಿ 1500 ಜಿ (ಗುರುತ್ವಬಲದ 1500 ಪಟ್ಟು), 10 ನಿಮಿಷ. ರೋಟರ್ ತ್ರಿಜ್ಯ 10 ಸೆಂ.ಮೀ. ಇದ್ದರೆ ಸುಮಾರು 3,660 ಆರ್‌ಪಿಎಂ. ಸೀರಂ ಎರಡು ವಯಲಿಗೆ ಹಂಚಿ, ತಣ್ಣಗೆ ತಂದು ಅವತ್ತೇ ಮೈನಸ್ 80ಕ್ಕೆ. ಕರಗಿಸಿ ಮತ್ತೆ ಫ್ರೀಜ್ ಮಾಡುವುದು ಬೇಡ. ಮಳೆಗಾಲದಲ್ಲಿ ಕರೆಂಟು ಹೋದಾಗ ಫ್ರೀಜರ್ ಎಷ್ಟಕ್ಕೆ ಏರಿತ್ತೆಂಬ ದಾಖಲೆಯೂ ಇರಲಿ.

ಉತ್ತರ – ಎಂಡೋಕ್ರೈನ್ ಲ್ಯಾಬ್

ಮೇಲಿನದಕ್ಕೆ ಸೇರಿಸುವುದು: ನೀವು ಅಳೆಯುತ್ತಿರುವುದು ಯಾವ ಆಸ್ಟಿಯೋಕ್ಯಾಲ್ಸಿನ್? 49 ಅಮೈನೋ ಆಮ್ಲದ ಪೂರ್ತಿ ಅಣು 43ನೆಯದರ ಬಳಿ ಬೇಗ ತುಂಡಾಗುತ್ತದೆ. ಪೂರ್ತಿ ಅಣುವನ್ನಷ್ಟೇ ಹಿಡಿಯುವ ಕಿಟ್ ಆದರೆ ಸಾಗಾಟದ ಸ್ಯಾಂಪಲಿಗೆ ಆಗಿಬರುವುದಿಲ್ಲ. ಎನ್-ಮಿಡ್ ಕಿಟ್ ಪೂರ್ತಿ ಅಣು, ಅದರ ದೊಡ್ಡ ತುಂಡು ಎರಡನ್ನೂ ಹಿಡಿಯುತ್ತದೆ, ಸ್ವಲ್ಪ ತಾಳಿಕೊಳ್ಳುತ್ತದೆ. ಆದರೆ ಇಲಿಗಳಲ್ಲಿ ಹಾರ್ಮೋನಿನಂತೆ ವರ್ತಿಸಿದ್ದು ಅಂಡರ್‌ಕಾರ್ಬಾಕ್ಸಿಲೇಟೆಡ್ (ಪೂರ್ತಿ ಕಾರ್ಬಾಕ್ಸಿಲ್ ಗುಂಪು ಸೇರದ) ರೂಪ, ಎನ್-ಮಿಡ್ ಅದನ್ನು ಬೇರೆಯಾಗಿ ತೋರಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ಎಲೈಸಾ (ಪ್ರತಿಕಾಯ ಬಳಸುವ ಪರೀಕ್ಷೆ) ಅಥವಾ ಹೈಡ್ರಾಕ್ಸಿಅಪಟೈಟ್ (ಮೂಳೆಯ ಕ್ಯಾಲ್ಸಿಯಂ ಖನಿಜ) ವಿಧಾನ ಬೇಕು. ಅಪಟೈಟ್ ವಿಧಾನಕ್ಕೆ ಇಡಿಟಿಎ (ರಕ್ತ ಗರಣೆ ಕಟ್ಟದಂತೆ ತಡೆಯುವ ರಾಸಾಯನಿಕ) ಇರುವ ಟ್ಯೂಬ್ ನಡೆಯದು, ಅದು ಕ್ಯಾಲ್ಸಿಯಂ ಎಳೆದುಕೊಳ್ಳುತ್ತದೆ. ಈ ರೂಪಕ್ಕೆ ಮಾತ್ರ ಊಟದ ಪ್ರಶ್ನೆ ಬರುತ್ತದೆ: ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ಅದು ಹೆಚ್ಚಿದಷ್ಟೂ ಕಾರ್ಬಾಕ್ಸಿಲ್ ಆಗದ ಪಾಲು ಕಮ್ಮಿ. ಆಹಾರದ ಫಾರಂನಲ್ಲಿ ಕೆಸುವಿನ ಎಲೆ, ಸೊಪ್ಪು ಸೇರಿಸಿಬಿಡಿ.

ಸಮಯವೂ ಮುಖ್ಯ. ಆಸ್ಟಿಯೋಕ್ಯಾಲ್ಸಿನ್ ರಾತ್ರಿ ಏರಿ ಹಗಲು ಇಳಿಯುತ್ತದೆ. ಬಸ್ಸು ಇಳಿದು 11ಕ್ಕೆ ಬಂದವರನ್ನು ಬೆಳಿಗ್ಗೆ 8ರವರ ಜೊತೆ ಹೋಲಿಸಬಾರದು. ಕೇಳುವಾಗ "ತಿಂಡಿ ಆಯ್ತಾ" ಅಂತ ಮಾತ್ರ ಕೇಳಿದರೆ ಸಾಲದು, ಬೆಲ್ಲದ ಕಾಫಿಯನ್ನು ಇಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನಿಮ್ಮ ಕಿಟ್ ಬಯೋಟಿನ್–ಸ್ಟ್ರೆಪ್ಟಾವಿಡಿನ್ ಸ್ಯಾಂಡ್‌ವಿಚ್ (ಹಾರ್ಮೋನನ್ನು ಎರಡು ಪ್ರತಿಕಾಯಗಳ ಮಧ್ಯೆ ಹಿಡಿದು, ಬಯೋಟಿನ್ ಎಂಬ ವಿಟಮಿನ್ನಿನ ಕೊಂಡಿಯಿಂದ ಅಂಟಿಸುವ ವಿಧಾನ) ಆದರೆ ಕೂದಲಿಗೆಂದು ಹೆಚ್ಚು ಡೋಸಿನ ಬಯೋಟಿನ್ ನುಂಗುವವರಲ್ಲೂ ಎರಡೂ ಸುಳ್ಳಾಗಿ ಕಮ್ಮಿ ಬರುತ್ತವೆ. ಕ್ಯಾಂಪಿನವರಲ್ಲೇ ಬರುವುದರಿಂದ ಇಲ್ಲಿ ಅದರ ಸಾಧ್ಯತೆ ಕಮ್ಮಿ, ಆದರೂ ಕೇಳಿ.

ಪ್ರಶ್ನೆ ಕೇಳಿದವರು

ಟವೆಲ್ ಇಟ್ಟದ್ದೂ ಅಲ್ಲೇ ಸ್ಪಿನ್ ಮಾಡಿದ್ದೂ ಹತ್ತಿರ ಹತ್ತಿರ ಬಂದವು. ಪ್ಯಾಕಿಗೆ ತಾಗಿದ್ದು ಗುಲಾಬಿ, ಎರಡೂ ಹಾರ್ಮೋನ್ ಕೆಳಗೆ. ಹಳೆಯ ಸ್ಯಾಂಪಲ್‌ಗಳಿಗೆ ತಿದ್ದುವ ಸೂತ್ರ ಇದೆಯೇ?

ಉತ್ತರ – ಬಯೋಕೆಮಿಸ್ಟ್ರಿ

ಇಲ್ಲ. ಎಂಜೈಮ್ ಎಷ್ಟು ಹೊತ್ತು, ಎಷ್ಟು ಶಾಖದಲ್ಲಿ ಕೆಲಸ ಮಾಡಿತೋ ಗೊತ್ತಿಲ್ಲದೆ ಗುಣಾಕಾರ ಹಾಕಿದರೆ ಅದು ಊಹೆ. ಇಂಡೆಕ್ಸ್ ಮಿತಿ ಮೊದಲೇ ಬರೆದಿಟ್ಟು, ಅದನ್ನು ದಾಟಿದವರ ಇನ್ಸುಲಿನ್, ಆಸ್ಟಿಯೋಕ್ಯಾಲ್ಸಿನ್, ಹೋಮಾ ಮೂರೂ ಕಾಲಂ ಖಾಲಿ ಬಿಡಿ. ಎರಡು ಗಂಟೆಯ ಗ್ಲೂಕೋಸ್ 140 ದಾಟಿದ ಹೆಂಗಸರ ಚಿಕಿತ್ಸೆಗೂ ಇದಕ್ಕೂ ಸಂಬಂಧವಿಲ್ಲ. ಸಾಗಾಟದಲ್ಲಿ ಗ್ಲೂಕೋಸ್ ಇಳಿಯುತ್ತದೆಯೇ ಹೊರತು ಏರುವುದಿಲ್ಲ, ಆದ್ದರಿಂದ ಅವರ ಫಲಿತಾಂಶ ನಿಲ್ಲುತ್ತದೆ. 130ರಿಂದ 139 ಬಂದವರನ್ನು ಮಾತ್ರ ವೈದ್ಯರಿಗೆ ಹೇಳಿ ಮತ್ತೆ ಕರೆಸಿ, ಅವರಲ್ಲಿ ಕೆಲವರು ತಪ್ಪಿಹೋಗಿರಬಹುದು.