‘ಡೋಂಟ್’ನಲ್ಲಿ ಬಿದ್ದುಹೋದ ಅಕ್ಷರ ಯಾವುದು?

ಕೇಳಿದವರು: ಎರಡನೇ ತರಗತಿಯ ನನ್ನ ಮಗಳು ‘ಡು ನಾಟ್’ ಸೇರಿದರೆ ‘ಡೋಂಟ್’ ಎಂದು ಸರಿಯಾಗಿಯೇ ಹೇಳುತ್ತಾಳೆ. ಬರೆಯುವಾಗ ಮಾತ್ರ ಅಪಾಸ್ಟ್ರಫಿಯನ್ನು ಎನ್ ಅಕ್ಷರಕ್ಕಿಂತ ಮೊದಲೇ ಹಾಕಿಬಿಡುತ್ತಾಳೆ. ಎಷ್ಟು ತಿದ್ದಿದರೂ ಅದೇ ತಪ್ಪು. ನೀವೆಲ್ಲ ಹೇಗೆ ಕಲಿಸಿದಿರಿ?

ಉತ್ತರ 1: ಮೇಡಂ, ಇದು ನಿಮ್ಮ ಮಗಳೊಬ್ಬಳ ತಪ್ಪಲ್ಲ. ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವ ನಾನು ಪ್ರತಿ ವರ್ಷವೂ ಇದನ್ನು ನೋಡುತ್ತೇನೆ. ಇದರ ಬೇರು ಕನ್ನಡದಲ್ಲಿದೆ ಎಂದು ನನ್ನ ಅನಿಸಿಕೆ. ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ ಆಗುವಾಗ ಉಕಾರ ಬೀಳುವುದು ಎರಡು ಪದಗಳು ಕೂಡುವ ಜಾಗದಲ್ಲೇ. ಈ ಲೋಪಸಂಧಿಗೆ ಒಗ್ಗಿದ ಕಿವಿಯ ಮಗು ಇಂಗ್ಲಿಷಿನಲ್ಲೂ ಕೂಡುವ ಜಾಗಕ್ಕೇ ಗುರುತು ಹಾಕುತ್ತದೆ. ಆದರೆ ‘ಡೋಂಟ್’ನಲ್ಲಿ ಬೀಳುವುದು ‘ನಾಟ್’ನ ಹೊಟ್ಟೆಯೊಳಗಿನ ಓ.

ಹಾಗಾಗಿ ನಾನು ‘ಡೋಂಟ್’ನಿಂದ ಆರಂಭಿಸುವುದೇ ಇಲ್ಲ. ಮೊದಲು ‘ಐ ಆಮ್’, ‘ಹಿ ಈಸ್’. ಇವುಗಳಲ್ಲಿ ಅಕ್ಷರ ಬೀಳುವುದು ಕೂಡುವ ಜಾಗದಲ್ಲೇ, ಮಗುವಿಗೆ ಗೊಂದಲವಿಲ್ಲ. ಒಂದೊಂದು ರಟ್ಟಿನ ತುಂಡಿನ ಮೇಲೆ ಒಂದೊಂದು ಅಕ್ಷರ ಬರೆದು ಸಾಲಾಗಿ ಜೋಡಿಸಲು ಹೇಳುತ್ತೇನೆ. ಬೀಳುವ ಅಕ್ಷರವನ್ನು ಮಗುವೇ ಎತ್ತಿ, ಖಾಲಿಯಾದ ಜಾಗದಲ್ಲಿ ಒಂದು ಹುಣಸೆ ಬೀಜ ಇಡಬೇಕು. ಆ ಬೀಜವೇ ಅಪಾಸ್ಟ್ರಫಿ. ವಾರದ ಬಳಿಕ ‘ಈಸ್ ನಾಟ್’, ‘ಡು ನಾಟ್’ ಕೊಡುತ್ತೇನೆ. ಓ ಎತ್ತಿದ ಕೈ ತಾನಾಗಿಯೇ ಬೀಜವನ್ನು ಎನ್ ಮತ್ತು ಟಿ ನಡುವೆ ಇಡುತ್ತದೆ. ‘ಐ ವಿಲ್’ ಎಂಬುದು ‘ಐಲ್’ ಆಗುವಾಗ ಎರಡು ಅಕ್ಷರ ಹೋದರೂ ಬೀಜ ಒಂದೇ ಎಂಬುದನ್ನು ಮಾತ್ರ ಮುಂಚೆಯೇ ತಿಳಿಸಿ. ಮತ್ತೆ, ಕೆಂಪು ಶಾಯಿಯಲ್ಲಿ ತಿದ್ದುವುದನ್ನು ದಯವಿಟ್ಟು ನಿಲ್ಲಿಸಿ. ಮಗು ತಪ್ಪಿಗೆ ಹೆದರಿ ಕೂಡಿಸಿ ಬರೆಯುವುದನ್ನೇ ಬಿಟ್ಟುಬಿಡುತ್ತದೆ.

ಉತ್ತರ 2: ನಮ್ಮ ಮನೆಯಲ್ಲಿ ತೊಡಕಾದದ್ದು ‘ವೋಂಟ್’. ‘ವಿಲ್ ನಾಟ್’ನ ತುಂಡುಗಳಿಂದ ಆ ಪದ ಹುಟ್ಟುವುದೇ ಇಲ್ಲ ಎಂದು ಮಗ ಅತ್ತ. ‘ವಿಲ್’ಗೆ ಹಿಂದೆ ‘ವೋಲ್’ ಎಂಬ ರೂಪವೂ ಇತ್ತು, ‘ವೋಂಟ್’ ಬಂದದ್ದು ಅದರಿಂದ ಎಂದು ಹೇಳಿದೆ. ಸಮಾಧಾನವಾಯಿತು. ಅದಕ್ಕೊಂದು ಬೇರೆಯೇ ಡಬ್ಬಿ ಮಾಡಿಕೊಂಡ.

ಉತ್ತರ 3: ‘ಇಟ್ಸ್’ ಬಂದಾಗ ಬಿಡಿಸಿ ಓದಿಸಿ, ಅಕ್ಕ. ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಎಂದು ಓದಿದಾಗ ಅರ್ಥ ಕೂಡಿಬಂದರೆ ಅಪಾಸ್ಟ್ರಫಿ ಬೇಕು. ‘ನಾಯಿ ತನ್ನ ಬಾಲ ಅಲ್ಲಾಡಿಸಿತು’ ಎಂಬ ವಾಕ್ಯದಲ್ಲಿ ‘ತನ್ನ’ ಎಂಬ ಅರ್ಥದ ‘ಇಟ್ಸ್’ಗೆ ಬೇಡ. ನನ್ನ ಮಗಳು ಈಗ ಬರೆಯುವ ಮೊದಲು ತುಟಿಯಲ್ಲೇ ಬಿಡಿಸಿ ನೋಡುತ್ತಾಳೆ.